ಪೆಟ್ಟಿಗೆ ತೋರಿಸುತ್ತಿದ್ದ ಆರನೇ ಅಂಕಿ

ಆಗ ನನಗೆ ಅರವತ್ತೊಂಬತ್ತು. ಈಗ ಆರು ವರ್ಷ ಆಯಿತು. ಇದು ಆಧಾರ್ ಕಾರ್ಡಿನ ಲೆಕ್ಕ. ನಮ್ಮವ್ವ ಹೇಳುತ್ತಿದ್ದುದನ್ನು ಹಿಡಿದರೆ ಇನ್ನೆರಡು ವರ್ಷ ಸೇರಿಸಬೇಕು.

ನನ್ನ ತಂಗಿಯ ಮಗಳು ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯ ಪಕ್ಕ ಚಾಕಿ ಕೇಂದ್ರ ಇಟ್ಟಿದ್ದಳು. ಚಾಕಿ ಅಂದರೆ ರೇಷ್ಮೆ ಹುಳದ ಎಳೆಗೂಸುತನ. ಮೊಟ್ಟೆ ಒಡೆದು ಬಂದ ಹುಳ ಇರುವೆಗಿಂತ ಸಣ್ಣದಿರುತ್ತದೆ. ಅದನ್ನು ಮನೆಮನೆಯಲ್ಲಿ ಸಾಕಿದರೆ ಅರ್ಧ ಸಾಯುತ್ತದೆ. ಅದಕ್ಕೆ ಒಂದೇ ಕಡೆ ಬೆಚ್ಚಗೆ ಸಾಕಿ, ಎರಡನೇ ಜ್ವರಕ್ಕೆ ಕೂತ ಮೇಲೆ ರೈತರಿಗೆ ಹಂಚುತ್ತಾರೆ. ಜ್ವರ ಅಂದರೆ ಕಾಯಿಲೆ ಅಂದುಕೊಳ್ಳಬೇಡಿ. ಹುಳ ಪೊರೆ ಬಿಡುವ ಹೊತ್ತಿಗೆ ನಾವು ಹಾಗೆ ಹೇಳುತ್ತೇವೆ. ಹುಳ ಮೇವು ಬಿಟ್ಟು, ತಲೆ ಎತ್ತಿ, ಸುಮಾರು ಒಂದು ದಿನ ಅಲ್ಲಾಡದೆ ಕೂರುತ್ತದೆ. ಆಗ ಆ ಕೋಣೆಗೆ ಯಾರೂ ಹೋಗಬಾರದು. ಸೊಪ್ಪು ಹಾಕಬಾರದು, ಕಸ ಗುಡಿಸಬಾರದು, ತೇವ ಬೀಳಬಾರದು. ಸುಣ್ಣದ ಪುಡಿ ಉದುರಿಸಿ ಬಾಗಿಲು ಹಾಕಿಕೊಂಡು ಬರಬೇಕು. ಇದು ನನ್ನ ಅತ್ತೆ ಕಾಲದಿಂದ ಬಂದ ಕಟ್ಟು.

ನಾನು ಹುಟ್ಟಿದ್ದು ಮಾಗಡಿ ಕಡೆ. ಅಲ್ಲಿ ಬಿತ್ತನೆ ಗೂಡು, ಅಂದರೆ ಮೊಟ್ಟೆ ತೆಗೆಯಲು ಇಡುವ ಗೂಡು ಬೆಳೆಯುತ್ತಾರೆ. ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದಬೇಕು, ಅಂಕಿ ಮಾತ್ರ ಕಣ್ಣಿಗೆ ಬಿದ್ದ ತಕ್ಷಣ ಗೊತ್ತಾಗುತ್ತದೆ. ಚಾಕಿ ಮನೆಯಲ್ಲಿ ನನ್ನ ಕೆಲಸ ಹಿಪ್ಪುನೇರಳೆ ಸೊಪ್ಪಿನದು. ತೋಟದಲ್ಲಿ ಎಷ್ಟಿದೆ, ಅದರಲ್ಲಿ ಎಳೆ ಹುಳ ತಿನ್ನುವಂಥದ್ದು ಎಷ್ಟು, ಎಷ್ಟು ಮೊಟ್ಟೆಗೆ ಸಾಕಾಗುತ್ತದೆ ಅಂತ ಹೇಳಬೇಕು. ನಮ್ಮಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಪೂರ್ತಿ ಗುಂಪು. ಅದರಲ್ಲಿ ನಾನೂರು ಐನೂರು ಹುಳ ಬರುತ್ತದೆ.

ಆ ಸಲ ನಾವು ಕೂರಿಸಿದ್ದು ಸಾವಿರದ ಇನ್ನೂರು ಮೊಟ್ಟೆ. ಹತ್ತು ಮನೆಯವರು ಬುಕ್ ಮಾಡಿದ್ದರು. ಹಿಂದಿನ ಬೆಳೆ ಕೆಟ್ಟಿತ್ತು. ನಮ್ಮಿಂದ ಒಯ್ದ ಹುಳ ಮೂರು ಮನೆಯಲ್ಲಿ ಗೂಡು ಕಟ್ಟದೆ ಸತ್ತಿತ್ತು. ಇದೂ ಕೆಟ್ಟರೆ ಜನ ಕನಕಪುರದ ಹತ್ತಿರದ ಇನ್ನೊಂದು ಕೇಂದ್ರಕ್ಕೆ ಹೋಗುತ್ತಾರೆ, ಚಾಕಿ ಮನೆ ಮುಚ್ಚಬೇಕು. ತಂಗಿ ಮಗಳು ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಅದಕ್ಕೇ ಆ ಪೆಟ್ಟಿಗೆ ಹಾಕಿಸಿದ್ದು.

ಪೆಟ್ಟಿಗೆ ಹಾಕಿದವನಿಗೆ ಐವತ್ತು ದಾಟಿತ್ತು. ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ನೋಡಿಕೊಂಡಿದ್ದವನು, ಬಿಟ್ಟು ಬಂದು ಚನ್ನಪಟ್ಟಣದಲ್ಲಿ ಅಂಗಡಿ ಇಟ್ಟಿದ್ದ. ಕೋಳಿ ಫಾರಂಗೆ, ಚಾಕಿ ಮನೆಗೆ ಇಂಥ ಪೆಟ್ಟಿಗೆ ಕೂರಿಸುವುದು ಅವನ ಕೆಲಸ. ಪೆಟ್ಟಿಗೆ ಅಂಗೈಯಷ್ಟು ಇತ್ತು, ಪಕ್ಕದಲ್ಲಿ ಒಂದು ಚಿಕ್ಕ ಟಿವಿ. ಅದು ಹುಳದ ಕೋಣೆಯ ಬಿಸಿ ಎಷ್ಟು, ತೇವ ಎಷ್ಟು ಅಂತ ನೋಡಿ ಹೀಟರನ್ನೂ ತೇವದ ಮೆಷಿನ್ನನ್ನೂ ತಾನೇ ಆನ್ ಮಾಡಿ ಆಫ್ ಮಾಡುತ್ತಿತ್ತು. ತೇವದ ಮೆಷಿನ್ ಅಂದರೆ ನೀರನ್ನು ಹೊಗೆಯ ಹಾಗೆ ಉಗಿಯುವಂಥದ್ದು. ಕೋಣೆಯೊಳಗೆ ಒಂದು ಕ್ಯಾಮೆರಾ ಇತ್ತು. ತಂಗಿ ಮಗಳು ಊರಲ್ಲಿ ಇಲ್ಲದಿದ್ದಾಗ ಫೋನಲ್ಲಿ ನೋಡಲಿ ಅಂತ ಅದು ಆಗಾಗ ಟ್ರೇಗಳ ಫೋಟೋ ತೆಗೆಯುತ್ತಿತ್ತು. ಪೆಟ್ಟಿಗೆ ಇದ್ದದ್ದು ಹೊರಗಿನ ಸೊಪ್ಪಿನ ಕೋಣೆಯಲ್ಲಿ. ನಾನು ಸೊಪ್ಪು ಹೆಚ್ಚುತ್ತ ಕೂತರೆ ಅದು ಎದುರಿಗೇ ಕಾಣುತ್ತಿತ್ತು.

ಟಿವಿಯ ಮೇಲಿನ ಅರ್ಧದಲ್ಲಿ ಬಿಸಿ, ತೇವ. ಕೆಳಗೆ ಒಂದು ಸಾಲಿನಲ್ಲಿ ಆರು ಅಂಕಿ. ಅದು ಅವನು ತನ್ನ ಪರೀಕ್ಷೆಗೆ ಇಟ್ಟುಕೊಂಡದ್ದು, ತೆಗೆಯಲು ಮರೆತಿದ್ದ. ಕೇಳಿದೆ.

“ಇದೇನಪ್ಪ, ಆರು ನಂಬರು?”

“ಪೆಟ್ಟಿಗೆ ಮೆಮೊರಿ ಲೆಕ್ಕ ಕಣವ್ವೋ. ಕೆಲಸ ಮಾಡುವಾಗ ಸಾಮಾನು ಹರವಿಕೊಳ್ಳೋ ಜಾಗ. ನಿಂಗ್ಯಾಕೆ, ನೀನು ಸೊಪ್ಪು ಹೆಚ್ಚು.”

“ಕೈ ಹೆಚ್ತಾ ಐತೆ. ಕಣ್ಣು ಸುಮ್ನೆ ಕೂತೈತೆ. ಹೇಳು.”

ಅವನು ಮಾತಿನ ಮನುಷ್ಯ. ತಿಂಡಿ ಕೊಟ್ಟರೆ ಇನ್ನೂ ಮಾತು. ತಟ್ಟೆ ಹಿಡಿದುಕೊಂಡು ಒಂದು ಕಾಗದದ ಪಟ್ಟಿ ಹರಿದು, ಆರಕ್ಕೂ ಕನ್ನಡದಲ್ಲಿ ಹೆಸರು ಬರೆದು ಟಿವಿಗೆ ಅಂಟಿಸಿದ. ಒಟ್ಟು, ಬಳಸಿದ್ದು, ಖಾಲಿ, ಹಂಚಿದ್ದು, ತಾತ್ಕಾಲಿಕ, ಸಿಗೋದು. ಒಟ್ಟು ಒಂಬೈನೂರಾ ಇಪ್ಪತ್ತಾರು ಅಂತ ಇತ್ತು.

“ಮೊನ್ನೆ ಸಾವಿರದ ಮೇಲೆ ಐತೆ ಅಂದೆ. ಉಳಿದಿದ್ದು ಅಂಗಡೀಲಿ ಇಟ್ಕೊಂಡ್ಯಾ?”

“ಅಯ್ಯೋ, ಕರ್ನಲ್ ಇಟ್ಕೊಂಡೈತೆ ಕಣವ್ವ.”

“ಅವನ್ಯಾರು?”

“ಪೆಟ್ಟಿಗೆ ಒಳಗಿನ ಯಜಮಾನ. ಮಿಕ್ಕ ಪ್ರೋಗ್ರಾಮೆಲ್ಲ ಅದರ ಕೈಕೆಳಗೆ. ಯಾರಿಗೆ ಎಷ್ಟು ಜಾಗ, ಯಾರು ಯಾವಾಗ ಕೆಲಸ ಮಾಡ್ಬೇಕು, ಎಲ್ಲ ಅದೇ ಹೇಳೋದು. ಪೆಟ್ಟಿಗೆ ಆನ್ ಆದ ತಕ್ಷಣ ಮೊದ್ಲು ಅದು ಎದ್ದು, ಎಷ್ಟು ಜಾಗ ಐತೆ ಅಂತ ಎಣಿಸ್ತದೆ. ಟಿವಿಗೆ ಬೇಕಾದ್ದು ಬ್ಯಾರೆ, ತನಗೆ ಬೇಕಾದ್ದು ಬ್ಯಾರೆ ತೆಗೆದಿಡ್ತದೆ. ಮಿಕ್ಕಿದ್ದೇ ಒಟ್ಟು. ಆ ಒಟ್ಟಿನ ಮೇಲೆ, ಒಂದೇ ಸಲ ಎಷ್ಟು ಕೆಲಸ ನಡೀಬೋದು, ಎಷ್ಟು ಫೈಲ್ ತೆಗೆದಿಟ್ಕೋಬೋದು ಅಂತ ಮಿತಿ ಹಾಕ್ತದೆ. ಪೆಟ್ಟಿಗೆ ಚಿಕ್ಕದಾದ್ರೆ ಮಿತೀನೂ ಚಿಕ್ಕದು.”

ಇದು ನನಗೆ ಕಷ್ಟ ಆಗಲಿಲ್ಲ. ತೋಟ ಎರಡು ಎಕರೆ ಅಂದರೂ ಬದು, ಬಾವಿ, ನೆರಳು ಕಳೆದ ಮೇಲೆ ಸೊಪ್ಪಿನ ನೆಲ ಒಂದೂಮುಕ್ಕಾಲು. ಮೊಟ್ಟೆ ಎಷ್ಟು ತರಬೇಕು ಅನ್ನುವುದು ಆ ಒಂದೂಮುಕ್ಕಾಲಿನ ಮೇಲೆ.

“ಖಾಲಿ ಎಂಬತ್ತೆಂಟೇ ಐತಲ್ಲ” ಅಂತ ತಂಗಿ ಮಗಳು ಹಿಂದಿನಿಂದ ಬಗ್ಗಿ ನೋಡಿದಳು. “ಒಂಬೈನೂರರಲ್ಲಿ ಎಂಬತ್ತೆಂಟು! ತುಂಬೋಗ್ಬುಟ್ರೆ?”

“ತುಂಬಕ್ಕಿಲ್ಲ ಕಣಕ್ಕ. ಖಾಲಿ ಇದ್ರೆ ಯಜಮಾನನಿಗೆ ಏನು ಲಾಭ? ಓದಿದ ಫೈಲೆಲ್ಲ ಮತ್ತೆ ಬೇಕಾದೀತು ಅಂತ ಆ ಜಾಗದಲ್ಲೇ ಇಟ್ಕೊಂಡಿರ್ತದೆ. ಅದೇ ತಾತ್ಕಾಲಿಕ, ನಾನೂರಾ ಇಪ್ಪತ್ತೆಂಟು. ಯಾರಾದ್ರೂ ಜಾಗ ಕೇಳಿದ್ರೆ ಅದನ್ನ ಬಿಸಾಕಿ ಕೊಡ್ತದೆ. ಖಾಲೀನೂ ತಾತ್ಕಾಲಿಕಾನೂ ಕೂಡ್ಕೊ, ಅಷ್ಟು ಸಿಗ್ತದೆ.”

ನಾನು ಕೂಡಿದೆ. ಎಂಬತ್ತೆಂಟೂ ನಾನೂರಾ ಇಪ್ಪತ್ತೆಂಟೂ ಸೇರಿದರೆ ಐನೂರಾ ಹದಿನಾರು. ಆರನೇ ಅಂಕಿ, ‘ಸಿಗೋದು’, ನಾನೂರಾ ಮೂವತ್ತಾರು ಅಂತ ಇತ್ತು.

“ಎಂಬತ್ತು ಕಮ್ಮಿ ಹೇಳ್ತದಲ್ಲ ನಿನ್ನ ಯಜಮಾನ?”

“ಆಪತ್ತಿಗೆ ಅಂತ ಒಸಿ ಎತ್ತಿಟ್ಕೊತದೆ. ಅದನ್ನ ಯಾರಿಗೂ ಕೊಡಕ್ಕಿಲ್ಲ. ಜಾಗ ಖಾಲಿ ಮಾಡ್ಬೇಕಾದ್ರೂ ಒಸಿ ಜಾಗ ಬೇಕಲ್ಲ.”

“ಎಲ್ಲಾರೂ ಒಂದೇ ಸಲ ಕೇಳಿದ್ರೆ?”

“ಕೇಳಿದೋರಿಗೆಲ್ಲ ಹೂಂ ಅಂತದೆ. ಕೇಳಿದಷ್ಟೂ ಯಾರೂ ಒಂದೇ ಸಲ ಬಳಸಕ್ಕಿಲ್ಲ ಅಂತ ಅದಕ್ಕೆ ಗೊತ್ತು. ಮದುವೆಗೆ ಸಾವಿರ ಕಾರ್ಡ್ ಹಂಚಿ ಆರ್ನೂರು ಎಲೆ ತರ್ಸಲ್ವಾ?”

“ಸಾವಿರಾನೂ ಬಂದ್ಬುಟ್ರೆ?”

“ಊಟಕ್ಕೆ ಕೂತೋರಲ್ಲಿ ಒಬ್ಬನ್ನ ಎಬ್ಬಿಸ್ತದೆ.”

“ಯಾರನ್ನ?”

“ಹೆಚ್ಚು ತಿಂತಾ ಕೂತಿರೋನ್ನ. ಎಲೆ ಸಮೇತ ಎತ್ತಾಕ್ತದೆ.” ಅವನು ಇನ್ನೆರಡು ಇಡ್ಲಿ ಹಾಕಿಸಿಕೊಂಡ.

“ಹಂಗಾದ್ರೆ ನಿನ್ನ ಯಜಮಾನ ಈಗ ಇಲ್ಲಿಗೆ ಬಂದ್ರೆ ನಿನ್ನನ್ನೇ ಎಬ್ಬಿಸ್ತಾನೆ” ಅಂದೆ. ಅವನಿಗೆ ಕೆಮ್ಮು ಬರುವಷ್ಟು ನಗು. ನಾಲ್ಕನೇದು, ಆ ‘ಹಂಚಿದ್ದು’, ಏನು ಅಂತ ಕೇಳಿದೆ. ಮೂವತ್ತು ಅಂತ ಇತ್ತು. “ಅದು ಬುಡು, ಅದ್ರಿಂದ ಏನೂ ಇಲ್ಲ” ಅಂದ. ಬಿಟ್ಟೆ.

ತಂಗಿ ಮಗಳಿಗೆ ಮಾತ್ರ ಆ ಎಂಬತ್ತೆಂಟು ತಲೆಯಲ್ಲಿ ಕೂತುಬಿಟ್ಟಿತು. ಹುಳದ ಮನೆಯವರಿಗೆ ತುಂಬಿದ್ದು ಕಂಡರೆ ಆಗದು. ಉಳಿದ ಸೊಪ್ಪು, ಹಿಕ್ಕೆ, ಸತ್ತ ಹುಳ, ಎಲ್ಲ ಆಯಾ ದಿನ ಹೊರಗೆ ಹೋಗಬೇಕು, ಇಲ್ಲದಿದ್ದರೆ ರೋಗ. ಒಂದು ಬೆಳೆ ಮುಗಿದರೆ ಗೋಡೆಯನ್ನೂ ಬಿಡದೆ ಬ್ಲೀಚಿಂಗ್ ಹಾಕಿ ತೊಳೆಯುತ್ತೇವೆ. ಅವಳು ಪೆಟ್ಟಿಗೆಗೂ ಅದೇ ಮಾಡಿದಳು. ಬೆಳಿಗ್ಗೆ ಕಸ ಗುಡಿಸುವಾಗ ಅದನ್ನು ಆಫ್ ಮಾಡಿ, ನಾಲ್ಕು ನಿಮಿಷ ಬಿಟ್ಟು ಆನ್ ಮಾಡುವಳು. ಅಂಕಿ ಎಲ್ಲ ಮೊದಲಿನಂತೆ ಆಗುತ್ತಿತ್ತು. ಫೋನಲ್ಲಿ ಅವನು ಬೈದ. “ಕಂಪ್ಯೂಟರಿಗೆ ದಿನಾ ಹಿಕ್ಕೆ ತೆಗೀತಿಯಲ್ಲಕ್ಕ, ಬ್ಯಾಡ.” ಅವಳು ಹೂಂ ಅಂದು ಮಾರನೇ ದಿನವೂ ಆಫ್ ಮಾಡಿದಳು.

ನಾನು ಸೊಪ್ಪು ಹಾಕುವ ಹೊತ್ತಿಗೆಲ್ಲ ಆ ಆರು ಅಂಕಿಯನ್ನೂ ಸೀಮೆಸುಣ್ಣದಲ್ಲಿ ಬಾಗಿಲ ಹಿಂದೆ ಬರೆದಿಡುತ್ತಿದ್ದೆ. ಅದಕ್ಕೆ ದೊಡ್ಡ ಕಾರಣ ಏನಿಲ್ಲ. ಸೊಪ್ಪಿನ ಲೆಕ್ಕ ಬರೆಯುತ್ತಿದ್ದೆ, ಪಕ್ಕದಲ್ಲಿ ಜಾಗ ಇತ್ತು. ಎರಡು ದಿನದಲ್ಲಿ ಒಂದು ಕಂಡಿತು. ಬೆಳಿಗ್ಗೆ ಆಫ್ ಮಾಡುವ ಮುಂಚೆ ನೋಡಿದರೆ ಖಾಲಿ ನಲವತ್ತು, ತಾತ್ಕಾಲಿಕ ನಾನೂರಾ ಎಪ್ಪತ್ತಾರು. ಕೂಡಿದರೆ ಅದೇ ಐನೂರಾ ಹದಿನಾರು. ಆದರೆ ‘ಸಿಗೋದು’ ನಾನೂರಾ ಮೂವತ್ತಾರರಿಂದ ನೂರಾ ಅರವತ್ತಾರಕ್ಕೆ ಇಳಿದಿತ್ತು. ನನ್ನ ಕೂಡುಲೆಕ್ಕ ಅಲ್ಲಾಡುತ್ತಿಲ್ಲ, ಪೆಟ್ಟಿಗೆಯ ಲೆಕ್ಕ ಇಳಿಯುತ್ತಿದೆ. ಇಬ್ಬರಲ್ಲಿ ಒಬ್ಬರದು ತಪ್ಪಿರಬೇಕು.

ಅವನಿಗೆ ಫೋನ್ ಮಾಡಿಸಿದೆ.

“ನೀನು ಹೇಳಿದಂಗೆ ಕೂಡಿದ್ರೆ ಐನೂರಾ ಹದಿನಾರು. ಅದು ನೂರಾ ಅರವತ್ತಾರು ಅಂತದೆ. ಯಾಕೆ?”

“ಅದೊಂದು ಅಂದಾಜು ಕಣವ್ವ. ಎಲ್ಲಾನೂ ಕಮ್ಮಿ ಮಾಡೇ ಹೇಳ್ತದೆ, ಹೆದರುಪುಕ್ಕಲು. ಕೂಡಿದ್ದು ಸರಿ ಇದ್ರೆ ಸಾಕು.”

“ಎಂಬತ್ತು ಕಮ್ಮಿ ಹೇಳಿದ್ರೆ ಹೆದರುಪುಕ್ಕಲು. ಮುನ್ನೂರೈವತ್ತು ಕಮ್ಮಿ ಹೇಳಿದ್ರೆ ಅದಕ್ಕೆ ಏನೋ ಗೊತ್ತೈತೆ.”

“ಅವ್ವೋ, ಮೂವತ್ತು ವರ್ಷ ಮೆಷಿನ್ ನೋಡಿದೀನಿ” ಅಂದ. ನಾನು ಐವತ್ತು ವರ್ಷ ಹುಳ ನೋಡಿದೀನಿ ಅಂದೆ. ಅಲ್ಲಿಗೆ ಫೋನ್ ಕಟ್ ಆಯಿತು. ಸಿಗ್ನಲ್ ಹೋಯಿತೋ, ಅವನೇ ಇಟ್ಟನೋ.

ನಾಲ್ಕನೇ ದಿನ ಹುಳ ಮೊದಲ ಜ್ವರಕ್ಕೆ ಕೂತಿತು. ಮಧ್ಯಾಹ್ನವೇ ತಲೆ ಎತ್ತಲು ಶುರು ಮಾಡಿ, ಸಂಜೆ ಹೊತ್ತಿಗೆ ಪೂರ್ತಿ ಕೂತಿತು. ಸುಣ್ಣ ಉದುರಿಸಿ ಬಾಗಿಲು ಹಾಕಿದೆವು. ಐದನೇ ದಿನ ಬೆಳಿಗ್ಗೆ ತಂಗಿ ಮಗಳು ಕಸ ಗುಡಿಸಲಿಲ್ಲ. ಪೆಟ್ಟಿಗೆಯನ್ನೂ ಆಫ್ ಮಾಡಲಿಲ್ಲ. ಆನ್ ಆದ ತಕ್ಷಣ ಅದು ತೇವದ ಮೆಷಿನ್ನನ್ನು ಒಂದು ಸಲ ಜೋರಾಗಿ ಉಗಿಸಿ ಪರೀಕ್ಷೆ ಮಾಡುತ್ತಿತ್ತು. ಜ್ವರಕ್ಕೆ ಕೂತ ಹುಳದ ಮೇಲೆ ತೇವ ಬಿದ್ದರೆ ಪೊರೆ ಬಿಡುವುದಿಲ್ಲ, ಒಳಗೇ ಸಾಯುತ್ತದೆ. ಕರೆಂಟ್ ಹೋದಾಗಲಾದರೂ ಪೆಟ್ಟಿಗೆ ತಾನೇ ಆಫ್ ಆಗಬೇಕಿತ್ತು. ಆದರೆ ಜೊತೆಗೆ ಬ್ಯಾಟರಿಯನ್ನೂ ಹಾಕಿಸಿದ್ದಳು, ಹಾಗಾಗಿ ಅದು ನಿಲ್ಲಲೇ ಇಲ್ಲ.

ಬೆಳಿಗ್ಗೆ ನೋಡಿದೆ, ‘ಸಿಗೋದು’ ನೂರಾ ಅರವತ್ತರ ಹತ್ತಿರ. ಎಂದಿನಂತೆ ಮೇಲಕ್ಕೆ ಹೋಗಲಿಲ್ಲ, ಇಳಿಯುತ್ತಲೇ ಹೋಯಿತು. ಹನ್ನೊಂದು ಗಂಟೆಗೆ ನೂರು.

“ಇದನ್ನ ಒಂದು ಸಲ ಆಫ್ ಮಾಡನ ಕಣೆ” ಅಂದೆ. “ತೇವದ ಮೆಷಿನ್ನಿನ ಪ್ಲಗ್ ಕಿತ್ತಾಕಿ, ಆಮೇಲೆ ಆಫ್ ಮಾಡು. ಆಗ ಉಗಿಯಕ್ಕಿಲ್ಲ.”

“ದೊಡ್ಡವ್ವ, ಸುಮ್ಕಿರಿ. ಪ್ಲಗ್ ಇರೋದು ಒಳಗೆ. ಜ್ವರದ ಮನೆ ಬಾಗಿಲು ತೆಗೀತೀನಿ ಅಂತೀರಲ್ಲ, ನೀವೇ ಕಲ್ಸಿದ್ದು ತಾನೆ ತೆಗೀಬಾರದು ಅಂತ?”

“ನಾನೇ ಕಲ್ಸಿದ್ದು.”

“ಮತ್ತೆ? ಪೆಟ್ಟಿಗೆ ಹಾಕ್ದೋರು ಏನೂ ಆಗಕ್ಕಿಲ್ಲ ಅಂದ್ರಲ್ಲ. ಒಂದು ನಂಬರ್ ನೋಡ್ಕೊಂಡು ಸಾವಿರದ ಇನ್ನೂರು ಮೊಟ್ಟೆ ಕೆಡಿಸ್ಲಾ?”

ಅವಳ ಮಾತಿನಲ್ಲೂ ತಪ್ಪಿರಲಿಲ್ಲ. ಮುಂದಿನ ಬೆಳೆಯ ಮೊಟ್ಟೆ ಗೊತ್ತು ಮಾಡಲು ಅವಳು ಕನಕಪುರದ ಬಿತ್ತನೆ ಕೋಠಿಗೆ ಹೋದಳು. ಕೀಲಿಕೈ ನನ್ನ ಸೊಂಟದಲ್ಲಿತ್ತು.

ಮಧ್ಯಾಹ್ನ ಒಂದು ಗಂಟೆಗೆ ನೋಡಿ ಬರೆದಿಟ್ಟೆ. ಖಾಲಿ ಹದಿನೆಂಟು, ತಾತ್ಕಾಲಿಕ ನಾನೂರಾ ತೊಂಬತ್ತೆಂಟು. ಕೂಡಿದರೆ ಈಗಲೂ ಐನೂರಾ ಹದಿನಾರು. ಸಿಗೋದು ಮೂವತ್ತಾರು. ನೋಡಿಯೂ ನಾನು ತೋಟಕ್ಕೆ ಹೋದೆ. ಹುಳ ಎದ್ದ ಮೇಲೆ ಮೊದಲ ಮೇವಿಗೆ ಎಳೆ ಸೊಪ್ಪು ಗುರುತು ಮಾಡಬೇಕಿತ್ತು. ಅದು ಆಮೇಲೆ ಮಾಡಬಹುದಾದ ಕೆಲಸ. ಅವಳ ಮಾತು ಗೆಲ್ಲಲಿ, ನನಗೇನು ಅಂತ ಒಂದು ಹಟವೂ ಇತ್ತು. ಇದನ್ನು ಹೇಳದೆ ಬಿಟ್ಟರೆ ಮಿಕ್ಕಿದ್ದು ಹೇಳಿ ಪ್ರಯೋಜನ ಇಲ್ಲ.

ಒಂದು ಗಂಟೆ ಬಿಟ್ಟು ಬಂದೆ. ಟಿವಿಯ ಮೇಲಿನ ಅರ್ಧ ಕಪ್ಪಗಾಗಿತ್ತು. ಬಿಸಿಯೂ ಇಲ್ಲ, ತೇವವೂ ಇಲ್ಲ. ಕೆಳಗಿನ ಆರು ಅಂಕಿ ಮಾತ್ರ ಇದ್ದವು. ಗೋಡೆಯ ಆಚೆ ‘ಸುಯ್’ ಅಂತ ಸದ್ದು ಬರುತ್ತಿತ್ತು. ತೇವದ ಮೆಷಿನ್ ನಿಲ್ಲದೆ ಉಗಿಯುತ್ತಿತ್ತು. ಅದನ್ನು ನಿಲ್ಲಿಸಬೇಕಾದ ಪ್ರೋಗ್ರಾಮೇ ಸತ್ತಿತ್ತು.

ಬಾಗಿಲು ತೆಗೆದೆ. ಐವತ್ತು ವರ್ಷದಲ್ಲಿ ಜ್ವರದ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಒಳಗೆ ಸ್ನಾನದ ಮನೆಯ ಹಾಗಿತ್ತು. ಪ್ಲಗ್ ಕಿತ್ತೆ, ಎರಡು ಕಿಟಕಿ ತೆಗೆದೆ. ನಲವತ್ತು ಟ್ರೇ ಇದ್ದವು. ಮೇಲಿನ ಸಾಲುಗಳಲ್ಲಿ ಸುಣ್ಣ ಇನ್ನೂ ಬೆಳ್ಳಗೆ ಒಣಗೇ ಇತ್ತು. ಮೆಷಿನ್ನಿನ ಬಾಯಿಗೆ ಎದುರಾಗಿದ್ದ ಏಳು ಟ್ರೇಯಲ್ಲಿ ಸುಣ್ಣ ಕಲಸಿದ ಹಿಟ್ಟಿನಂತೆ ಆಗಿತ್ತು. ಹುಳ ಅದರೊಳಗೆ ಅಂಟಿಕೊಂಡಿತ್ತು. ಕೆಲವು ಬದುಕಿದ್ದವು. ಅವನ್ನು ಆರಿಸುತ್ತ ಕೂರಬಹುದಿತ್ತು. ಜ್ವರದಲ್ಲಿ ಒದ್ದೆಯಾದ ಹುಳ ಎದ್ದರೂ ನೆಟ್ಟಗೆ ಬೆಳೆಯುವುದಿಲ್ಲ. ರೋಗ ಬರುತ್ತದೆ, ಮಿಕ್ಕಿದ್ದಕ್ಕೂ ಅಂಟಿಸುತ್ತದೆ. ಏಳು ಟ್ರೇಯನ್ನೂ ಒಂದೊಂದಾಗಿ ಹೊತ್ತುಕೊಂಡು ಹೋಗಿ ಹಿಂದಿನ ಗುಂಡಿಗೆ ಸುರಿದು, ಮೇಲೆ ಬ್ಲೀಚಿಂಗ್ ಹಾಕಿ ಮಣ್ಣೆಳೆದೆ. ಕೈ ತೊಳೆದು ಬಂದು ಮಿಕ್ಕ ಮೂವತ್ತಮೂರು ಟ್ರೇಗೂ ಒಣ ಸುಣ್ಣ ಉದುರಿಸಿದೆ. ಆಮೇಲೆ ಇಬ್ಬರಿಗೂ ಫೋನ್ ಮಾಡಿದೆ.

ಅವನು ಮೊದಲು ಬಂದ. ಬೈಕ್ ನಿಲ್ಲಿಸಿದ ಮೇಲೂ ಹೆಲ್ಮೆಟ್ ತೆಗೆಯಲಿಲ್ಲ. ಕೀಬೋರ್ಡ್ ಚುಚ್ಚಿ ಏನೇನೋ ಓದಿದ. ಆಮೇಲೆ ಹೆಲ್ಮೆಟ್ ತೆಗೆದು ನೆಲದ ಮೇಲೆ ಕೂತ.

“ಜಾಗ ಸಾಲದೆ ಕರ್ನಲ್ ಎತ್ತಾಕೈತೆ ಕಣವ್ವ. ಇರೋದ್ರಲ್ಲಿ ದೊಡ್ಡದು ನನ್ನ ಪ್ರೋಗ್ರಾಮೇ, ಬಿಸಿ ತೇವ ನೋಡೋದು. ಅದನ್ನೇ ಕೊಂದೈತೆ. ಜ್ವರದ ದಿನ ತೇವ ತೀರಾ ಇಳಿದ್ರೆ ಮಾತ್ರ ಒಂದು ಗಳಿಗೆ ತೇವದ ಮೆಷಿನ್ ಆನ್ ಮಾಡ್ತದೆ ಅದು, ಹಂಗೆ ಆನ್ ಮಾಡಿ ಆಫ್ ಮಾಡೋಷ್ಟರಲ್ಲಿ ಹೋಗೈತೆ.”

“ಜಾಗ ಎಲ್ಲಿಗೋಯ್ತು?”

“ಫೋಟೋ” ಅಂದ. “ಪೆಟ್ಟಿಗೇಲಿ ಫೈಲೆಲ್ಲ ಇಡೋ ಒಂದು ಕಾರ್ಡ್ ಐತೆ, ಅದ್ರ ಮೇಲೆ ಸುಮ್ನೆ ಬರೀತಾ ಇದ್ರೆ ಬೇಗ ಸವೀತದೆ. ಅದ್ಕೆ ಫೋಟೋನೆಲ್ಲ ಮೆಮೊರೀಲೇ ಒಂದು ಮೂಲೆ ಮಾಡಿ ಅಲ್ಲಿ ಇಡು ಅಂತ ನಾನೇ ಹೇಳಿದ್ದೆ. ಹಳೇದು ತೆಗೀ ಅಂತ ಹೇಳೋದು ಮರ್ತೆ. ನೀವು ದಿನಾ ಆಫ್ ಮಾಡ್ತಿದ್ರಲ್ಲ, ಆಗ ಎಲ್ಲ ಅಳಿಸೋಗ್ತಿತ್ತು. ನಂಗೆ ಗೊತ್ತಾಗ್ಲೇ ಇಲ್ಲ.”

“ನಾನು ಕೂಡಿದ್ದು ಐನೂರಾ ಹದಿನಾರು ಇತ್ತಲ್ಲ?”

“ಅದೇ ತಪ್ಪು. ನಾನು ಹೇಳ್ಕೊಟ್ಟಿದ್ದೇ ತಪ್ಪು.” ಅವನು ನನ್ನ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆಯುತ್ತ ಹೋದ. “ಆ ಆರನೇದನ್ನ ಕರ್ನಲ್ ಹೆಂಗೆ ಹಾಕ್ತದೆ ನೋಡು. ಮೊದ್ಲು ಖಾಲಿ ಇರೋದು ತಗೊತದೆ. ಅದ್ರಲ್ಲಿ ಆಪತ್ತಿನ ಪಾಲು ಕಳೀತದೆ. ಆಮೇಲೆ ತಾತ್ಕಾಲಿಕಕ್ಕೆ ಬತ್ತದೆ. ಅದ್ರಲ್ಲಿ ಯಾವ್ದಕ್ಕೆ ಕಾರ್ಡಲ್ಲಿ ಇನ್ನೊಂದು ಪ್ರತಿ ಐತೋ ಅದನ್ನ ಮಾತ್ರ ಎಣಿಸ್ತದೆ. ಎಸೆದ್ರೂ ಮತ್ತೆ ಓದ್ಕೋಬೋದಲ್ಲ. ಅದನ್ನೂ ಪೂರ್ತಿ ನಂಬಕ್ಕಿಲ್ಲ. ಅದ್ರಲ್ಲಿ ಅರ್ಧವೋ, ಆಪತ್ತಿನ ಪಾಲಿನಷ್ಟೋ, ಯಾವ್ದು ಕಮ್ಮಿಯೋ ಅಷ್ಟು ಬುಟ್ಟು ಮಿಕ್ಕಿದ್ದು ಸೇರಿಸ್ತದೆ. ಫೋಟೋಗೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಎಸೆದ್ರೆ ಹೋಯ್ತು. ಅದ್ಕೆ ಕರ್ನಲ್ ಅದನ್ನ ಸಿಗೋದು ಅಂತ ಎಣಿಸ್ಲೇ ಇಲ್ಲ. ಟಿವಿ ಮೇಲಿನ ಸಾಲಲ್ಲಿ ಮಾತ್ರ ಅದೂ ತಾತ್ಕಾಲಿಕದ ಒಳಗೇ ಸೇರ್ಕೊಂಡಿತ್ತು. ನೀನು ಸೇರಿಸ್ದೆ, ನಾನೂ ಸೇರಿಸ್ದೆ. ಅದು ಸೇರಿಸ್ಲಿಲ್ಲ.”

“ನಾಲ್ಕನೇದು? ಹಂಚಿದ್ದು?”

ಬಾಗಿಲ ಹಿಂದೆ ನಾನು ಬರೆದಿಟ್ಟಿದ್ದನ್ನು ಹೋಗಿ ನೋಡಿದ. ಮೂವತ್ತು, ಮುನ್ನೂರು, ನಾನೂರಾ ಮೂವತ್ತು. “ಅದೇ ಫೋಟೋ” ಅಂದ. ಅದ್ರಿಂದ ಏನೂ ಇಲ್ಲ ಅಂದಿದ್ದು ಅವನಿಗೇ ನೆನಪಿತ್ತು.

ನನಗೆ ಅರ್ಥ ಆದದ್ದು ಹೀಗೆ. ಸೊಪ್ಪಿನ ಕೋಣೆಯಲ್ಲಿ ಒದ್ದೆ ಗೋಣಿ ಹೊದಿಸಿ ಇಟ್ಟ ಸೊಪ್ಪೂ ಸೊಪ್ಪೇ, ಹೆಚ್ಚಿ ಟ್ರೇಯಲ್ಲಿ ಹುಳದ ಮೇಲೆ ಹಾಕಿದ್ದೂ ಸೊಪ್ಪೇ. ಮನೆಯಲ್ಲಿ ಎಷ್ಟು ಸೊಪ್ಪಿದೆ ಅಂತ ಕೇಳಿದರೆ ಎರಡನ್ನೂ ಕೂಡಬಹುದು. ಇನ್ನೊಬ್ಬರಿಗೆ ಎಷ್ಟು ಕೊಡಬಹುದು ಅಂತ ಕೇಳಿದರೆ ಹುಳದ ಬಾಯಲ್ಲಿರುವುದನ್ನು ಕೂಡುವ ಹಾಗಿಲ್ಲ. ಇಷ್ಟು ತಿಳಿದಿದ್ದೂ ನಾನು ಎರಡು ಅಂಕಿ ಕೂಡಿಕೊಂಡು ಕೂತಿದ್ದೆ.

“ಫೋಟೋ ಮೂಲೆಗೆ ಮಿತಿ ಇರ್ಲಿಲ್ವಾ?”

“ನಾವು ಹೇಳದಿದ್ರೆ ಅರ್ಧ ಮೆಮೊರಿವರೆಗೆ ಅಂತ ಅದೇ ಬುಟ್ಟಿರ್ತದೆ. ಈ ಪೆಟ್ಟಿಗೆಗೆ ಅರ್ಧ ಜಾಸ್ತಿ. ನಾನು ಹೇಳ್ಬೇಕಿತ್ತು.” ಅಲ್ಲೇ ಕೂತು ಅದಕ್ಕೆ ಐವತ್ತು ಅಂತ ಮಿತಿ ಹಾಕಿದ. ಹಳೆ ಫೋಟೋ ತಾನೇ ಅಳಿಸುವ ಹಾಗೆ ಮಾಡಿದ. ಪ್ರೋಗ್ರಾಂ ಸತ್ತರೆ ತಾನೇ ಏಳುವ ಹಾಗೆ, ತೇವದ ಮೆಷಿನ್ನಿಗೆ ಬೇರೆಯೇ ಒಂದು ಟೈಮರ್, ಎಲ್ಲ ಹಾಕಿದ. ಏಳು ಟ್ರೇ ವಿಷಯ ಹೇಳಿದೆ. “ಕರ್ನಲ್ ಮಾಡಿದ್ದೇ ಮಾಡ್ದೆ ಬುಡವ್ವ, ಮಿಕ್ಕಿದ್ದು ಉಳೀಲಿ ಅಂತ” ಅಂದ.

“ಅದು ದಪ್ಪ ಇರೋನ್ನ ಎತ್ತಾಕ್ತು. ನಾನು ಒದ್ದೆಯಾದ್ದನ್ನ ಹಾಕ್ದೆ. ಎರಡೂ ಒಂದೇ ಅಂತ ಹೇಳಿ ನಿನ್ನ ಮರ್ಯಾದೆ ಉಳಿಸ್ಕೋಬೇಡ.”

ತಲೆ ಬಗ್ಗಿಸಿ ವೈರ್ ಸುತ್ತಿದ. ತಿಂಡಿ ಕೇಳಲಿಲ್ಲ, ನಾನೂ ಕೊಡಲಿಲ್ಲ.

ತಂಗಿ ಮಗಳು ನಾಲ್ಕೂವರೆಗೆ ಬಂದಳು. ಗುಂಡಿ ನೋಡಿದಳು, ಖಾಲಿ ಟ್ರೇ ನೋಡಿದಳು. ಅವನು ಇನ್ನೂ ಅಲ್ಲೇ ಇದ್ದ. ಅವನನ್ನು ಬಿಟ್ಟು ನನ್ನನ್ನು ಬೈದಳು. “ಬದುಕಿದ್ದೂ ಇತ್ತಂತೆ. ನಾನು ಬರೋವರ್ಗಾದ್ರೂ ಕಾಯ್ಬಾರ್ದಾಗಿತ್ತಾ? ಇನ್ನೂರು ಮೊಟ್ಟೆ ಮೇಲಾಯ್ತಲ್ಲ ದೊಡ್ಡವ್ವ!” ಕಾದಿದ್ದರೆ ಇನ್ನಷ್ಟು ಹೋಗುತ್ತಿತ್ತು ಅಂದೆ. ಅತ್ತಳು. ಅಳಲಿ ಅಂತ ಬಿಟ್ಟೆ. ಮುಖ ತೊಳೆದು ಬಂದು ಬುಕ್ ಮಾಡಿದವರ ಪಟ್ಟಿ ಹರವಿಕೊಂಡು ಕೂತಳು.

“ಒಂದು ಕೆಲ್ಸ ಮಾಡನ” ಅಂದಳು. “ಎಲ್ಲಾರಿಗೂ ಹಂಚುವಾಗ ಒಂದೊಂದು ಹಿಡಿ ಕಮ್ಮಿ ಹಾಕನ. ಹತ್ತು ಮನೇಲಿ ಯಾರಿಗೂ ಗೊತ್ತಾಗಕ್ಕಿಲ್ಲ. ಇಷ್ಟು ಸಣ್ಣ ಹುಳಾನ ಯಾರು ಎಣಿಸ್ತಾರೆ?”

“ಈಗ ಎಣಿಸಕ್ಕಿಲ್ಲ. ಗೂಡು ಕಟ್ಟಿದ ಮೇಲೆ ರಾಮನಗರ ಮಾರ್ಕೆಟ್ಟಿನ ತಕ್ಕಡಿ ಎಣಿಸ್ತದೆ. ಹತ್ತು ಮನೇಲೂ ಕಮ್ಮಿ ಬತ್ತದೆ. ಹತ್ತು ಮನೆಯವ್ರೂ ನಿನ್ನ ಹುಳ ಸರಿ ಇಲ್ಲ ಅಂತಾರೆ. ಒಬ್ಬರಿಗೆ ಇಲ್ಲ ಅಂದ್ಬುಡು.”

“ಯಾರಿಗೆ ಅಂತ ಹೇಳ್ಲಿ? ಹೋದ ಸಲ ಹುಳ ಸತ್ತೋರ ಮನೆಗೇ ಹೆಂಗೆ ಇಲ್ಲ ಅನ್ಲಿ? ಇಲ್ಲ ಅಂದೋರು ಊರೆಲ್ಲ ಹೇಳ್ಕೊಂಡು ಬತ್ತಾರೆ. ನನ್ನ ಕಥೆ ಮುಗೀತು ಅಷ್ಟೇ.”

“ಕೊನೇಲಿ ಬುಕ್ ಮಾಡಿದ್ದು ಯಾರು?”

ಪಟ್ಟಿಯ ಕೊನೆಯಲ್ಲಿ ಇದ್ದದ್ದು ಸಾತನೂರಿನ ಆಚೆಯ ಒಬ್ಬ ಹೆಂಗಸು. ಗಂಡ ಇಲ್ಲ, ಕುರಿ ಇದೆ, ಮುಕ್ಕಾಲು ಎಕರೆ ಸೊಪ್ಪಿದೆ. ನಮ್ಮಲ್ಲಿ ಮೊದಲ ಸಲ ಕೇಳಿದ್ದಳು. ಇನ್ನೂರು ಮೊಟ್ಟೆ. ಅವಳಿಗೆ ಹುಳ ಕೊಡಲು ಇನ್ನೂ ಮೂರು ದಿನ ಇತ್ತು. ಈಗಲೇ ತಿಳಿದರೆ ಬೇರೆ ಕಡೆ ಕೇಳಿಕೊಳ್ಳಬಹುದು, ಸೊಪ್ಪು ಬಲಿತು ಹಾಳಾಗುವುದಿಲ್ಲ. ಮೂರು ದಿನ ಬಿಟ್ಟು ತಿಳಿದರೆ ಆಗದು.

“ಫೋನ್ ಮಾಡ್ತೀನಿ” ಅಂದಳು ತಂಗಿ ಮಗಳು. ಫೋನ್ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು, ಮಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು ನೋಡಿದೆ. ಮೂವತ್ತಮೂರು ಟ್ರೇಯಲ್ಲೂ ಹುಳ ಪೊರೆ ಬಿಟ್ಟು ಎದ್ದು, ತಲೆ ಆಡಿಸುತ್ತ ಮೇವು ಹುಡುಕುತ್ತಿತ್ತು. ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿದೆ. ತಂಗಿ ಮಗಳನ್ನು ಎಬ್ಬಿಸಿ ಎರಡನೇ ಮೇವು ನೀನು ಹಾಕು ಅಂದು, ಏಳೂವರೆ ಬಸ್ಸಿಗೆ ಹತ್ತಿ ಸಾತನೂರಲ್ಲಿ ಇಳಿದು ನಡೆದೆ. ಆ ಹೆಂಗಸು ಕುರಿ ಬಿಟ್ಟುಕೊಂಡು ಹೊರಟಿದ್ದಳು. ಕೂತ್ಕೊಳಿ, ಕಾಫಿ ಕಾಯಿಸ್ತೀನಿ ಅಂದಳು. ಬೇಡ ಅಂದೆ. “ನಿನ್ನ ಇನ್ನೂರು ಮೊಟ್ಟೆ ಹುಳಾನ ನೆನ್ನೆ ನಾನೇ ಗುಂಡಿಗೆ ಹಾಕ್ದೆ ಕಣವ್ವ. ನಮ್ಮನ್ನ ಕಾಯ್ಬೇಡ, ಇವತ್ತೇ ಬೇರೆ ಕಡೆ ಕೇಳು” ಅಂದೆ. ಯಾಕೆ ಅಂತ ಕೇಳಿದಳು. ಕುರಿ ಆಗಲೇ ಮುಂದೆ ಹೋಗಿದ್ದವು. ಅವಳ ಜೊತೆ ನಡೆಯುತ್ತ ಮೊದಲಿಂದ ಹೇಳಿದೆ.